ಹೊಸದಾಗಿ ತಂದ ಹಸುವಿಗೆ ಜ್ವರ: ಗಾಡಿಯಲ್ಲಿ ಬಂದ ಆಯಾಸಕ್ಕೂ ಕಾಯಿಲೆಗೂ ಸಂಬಂಧ ಇದೆಯಾ?

ಹೊಸನಗರ ಕೊಟ್ಟಿಗೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ಹಾಸನದ ಕಡೆಯಿಂದ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು ತಂದೆವು. ಎರಡನೇ ಕರುವಿನದು, ಕರು ಹಾಕಿ ಒಂದೂವರೆ ತಿಂಗಳಾಗಿತ್ತು. ರಾತ್ರಿಯಿಡೀ ಪಿಕಪ್ ಗಾಡಿಯಲ್ಲಿ ನಿಂತೇ ಬಂತು. ಇಳಿಸುವಾಗ ಕಾಲು ನಡುಗುತ್ತಿತ್ತು. ಎರಡು ದಿನ ಹಿಂಡಿ ಮುಟ್ಟಲಿಲ್ಲ. ಹೊಸ ಜಾಗ ಅಲ್ವಾ, ಹೊಂದಿಕೊಳ್ಳುತ್ತೆ ಅಂದುಕೊಂಡೆವು. ಹೊಂದಿಕೊಂಡಿತು ಕೂಡ. ಹೊತ್ತಿಗೆ ಏಳು ಲೀಟರ್ ಹಾಲು ಕೊಡುತ್ತಿತ್ತು.

ಹದಿನಾರನೇ ದಿನ ಜ್ವರ ಬಂತು. 105 ಡಿಗ್ರಿ. ಹಾಲು ಎರಡು ಲೀಟರಿಗೆ ಇಳಿಯಿತು. ಹತ್ತಿರದವರೊಬ್ಬರು ಬಂದು ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು, ಮರುದಿನ ಮತ್ತೆ ಏರಿತು. ಬೇರೆ ಇಂಜೆಕ್ಷನ್ ಕೊಟ್ಟರು. ಮತ್ತೆ ಅದೇ ಕಥೆ. ಐದನೇ ದಿನ ಅಪ್ಪಯ್ಯ ಮೈ ಸವರುತ್ತಾ ಇದ್ದವರು ನಿಂತುಬಿಟ್ಟರು. "ಇಲ್ಲಿ ಕೈ ಇಡು" ಅಂದರು. ಹೆಗಲಿನ ಮುಂದೆ, ಚರ್ಮದ ಒಳಗೆ ಗಂಟು. ನಿಂಬೆಹಣ್ಣಿಗಿಂತ ದೊಡ್ಡದು. ಆ ಕಡೆಯೂ ಇತ್ತು. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಒಳಗೆ ಕೆಂಪೇ ಇಲ್ಲ, ಬಿಳಿಚಿಹೋಗಿತ್ತು.

ಆಮೇಲೆ ಬೇರೆ ವೈದ್ಯರನ್ನು ಕರೆಸಿದೆವು. ಅವರು ಕಿವಿಯ ನರಕ್ಕೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿ ಮೇಲೆ ಎಳೆದುಕೊಂಡು ಹೋದರು. ಸಂಜೆ ಫೋನ್ ಬಂತು. ಥೈಲೇರಿಯಾ. ಬುಪರ್ವಕೋನ್ ಇಂಜೆಕ್ಷನ್ ಕೊಟ್ಟು ಇವತ್ತಿಗೆ ಎರಡು ದಿನ.

ನನ್ನ ಪ್ರಶ್ನೆ ಎರಡು. ಅದೇ ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ ಇವೆ. ಅವಕ್ಕೆ ಯಾಕೆ ಏನೂ ಆಗಲಿಲ್ಲ? ಇನ್ನೊಂದು, ಆ ರಾತ್ರಿಯ ಪ್ರಯಾಣವೇ ಇದಕ್ಕೆ ದಾರಿ ಮಾಡಿಕೊಟ್ಟಿತಾ? ದನಕ್ಕೆ ಸ್ಟ್ರೆಸ್ ಆಗಿದೆ ಅಂತ ತಿಳಿಯೋದು ಹೇಗೆ? ಅದನ್ನು ಅಳೆಯೋಕೆ ಆಗುತ್ತಾ?

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ
ಸರ್, ಮೊದಲು ನಿಮ್ಮ ಅಪ್ಪಯ್ಯನವರಿಗೆ ನಮಸ್ಕಾರ ಹೇಳಿ. ಆ ಗಂಟು ಕೈಗೆ ಸಿಕ್ಕಿದ್ದೇ ದೊಡ್ಡದು. ಜಾಸ್ತಿ ಜ್ವರ, ಹೆಗಲ ಮುಂದಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಊದಿರುವುದು, ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದಿರುವುದು, ರಕ್ತ ಕಡಿಮೆಯಾಗುತ್ತಾ ಹೋಗುವುದು. ಇಷ್ಟು ಒಟ್ಟಿಗೆ ಕಂಡರೆ ಥೈಲೇರಿಯಾ ಅಂತ ಅನುಮಾನ ಬರಲೇಬೇಕು. ಇದು ಉಣುಗಿನಿಂದ ಬರುವ ಕಾಯಿಲೆ. ಕಚ್ಚಿದ ಮೇಲೆ ಒಂದರಿಂದ ಮೂರು ವಾರದೊಳಗೆ ಜ್ವರ ಕಾಣಿಸುತ್ತದೆ. ನಿಮ್ಮ ಹದಿನಾರು ದಿನ ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಗಿಡ್ಡಗಳ ವಿಷಯ. ನಮ್ಮ ನಾಟಿ ತಳಿಗಳಿಗೆ ಹುಟ್ಟಿನಿಂದಲೇ ಸ್ವಲ್ಪ ತಡೆದುಕೊಳ್ಳುವ ಶಕ್ತಿ ಇದೆ. ಅದಲ್ಲದೆ ಕರುವಾಗಿದ್ದಾಗಲೇ ಉಣುಗು ಕಚ್ಚಿಸಿಕೊಂಡು, ಸಣ್ಣದಾಗಿ ಕಾಯಿಲೆ ಬಂದು ಹೋಗಿರುತ್ತದೆ. ಆಮೇಲೆ ಮೈಯಲ್ಲಿ ಪರಾವಲಂಬಿ ಅಲ್ಪಸ್ವಲ್ಪ ಉಳಿದಿದ್ದರೂ ಅವು ಆರೋಗ್ಯವಾಗಿಯೇ ಇರುತ್ತವೆ. ಅವುಗಳ ರಕ್ತ ಕುಡಿದ ಉಣುಗು ಹೊಸ ಹಸುವನ್ನು ಕಚ್ಚಿದರೆ ಮುಗಿಯಿತು. ಗಿಡ್ಡಗಳದ್ದು ತಪ್ಪಲ್ಲ, ಪಾಪ. ಆದರೆ ಈ ಕೊಂಡಿ ಗೊತ್ತಿರಬೇಕು.

ಪ್ರಯಾಣದ ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ನನಗೆ ತುಂಬಾ ಇಷ್ಟದ ವಿಷಯ ಅದು. ಗಡಿಬಿಡಿಯಲ್ಲಿ ಬರೆಯಲು ಮನಸ್ಸಿಲ್ಲ.

ಮೇಲಿನಪೇಟೆ
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಿಂದೆ ನಮ್ಮ ಅಜ್ಜಯ್ಯ ಜಾತ್ರೆಯಲ್ಲಿ ಎತ್ತು ಕೊಂಡು ನಾಲ್ಕು ದಿನ ನಡೆಸಿಕೊಂಡು ಘಟ್ಟ ಹತ್ತಿಸಿ ತರುತ್ತಿದ್ದರು. ಯಾವ ಸ್ಟ್ರೆಸ್ಸೂ ಇರಲಿಲ್ಲ. ಉಣುಗು ಕಚ್ಚಿದೆ, ಕಾಯಿಲೆ ಬಂದಿದೆ. ಅದಕ್ಕೆ ಸ್ಟ್ರೆಸ್ ಅಂತ ಹೊಸ ಹೆಸರು ಯಾಕೆ?

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ
ಬೇಜಾರೇನಿಲ್ಲ ಸರ್. ನಿಮ್ಮ ಅಜ್ಜಯ್ಯ ನಡೆಸಿಕೊಂಡು ತಂದರಲ್ಲ, ಅಲ್ಲೇ ಉತ್ತರ ಇದೆ. ಎತ್ತು ತನ್ನ ಕಾಲ ಮೇಲೆ ನಡೆಯಿತು, ದಾರಿಯಲ್ಲಿ ಮೇಯಿತು, ಹೊಳೆಯಲ್ಲಿ ನೀರು ಕುಡಿಯಿತು, ರಾತ್ರಿ ಮಲಗಿ ಮೆಲುಕು ಹಾಕಿತು. ಗಾಡಿಯಲ್ಲಿ ಬರುವ ಹಸುವಿಗೆ ಇದ್ಯಾವುದೂ ಇಲ್ಲ. ಪ್ರತಿ ತಿರುವಿನಲ್ಲೂ ಬೀಳದಂತೆ ಕಾಲು ಬಿಗಿ ಹಿಡಿದು ನಿಲ್ಲಬೇಕು. ಜೊತೆಗಿದ್ದ ದನ ಇಲ್ಲ, ಕತ್ತಲೆ, ಹಾರ್ನ್ ಶಬ್ದ, ನೀರಿಲ್ಲ.

ಸ್ಟ್ರೆಸ್ ಅನ್ನುವುದು ಸುಮ್ನೆ ಹುಟ್ಟಿದ ಮಾತಲ್ಲ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಹೊಸ ಹಾರ್ಮೋನ್ ಹುಡುಕುವ ಆಸೆಯಿಂದ ಏನೋ ರಸ ಚುಚ್ಚುತ್ತಿದ್ದರು. ಇಲಿಗಳಲ್ಲಿ ಮೂರು ಬದಲಾವಣೆ ಕಂಡವು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಪ್ಪ ಆಗಿತ್ತು. ಎದೆಯಲ್ಲಿರುವ ಥೈಮಸ್ ಕುಗ್ಗಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹಾರ್ಮೋನ್ ಸಿಕ್ಕಿತು ಅಂತ ಅವರಿಗೆ ಖುಷಿ. ಆದರೆ ಫಾರ್ಮಲಿನ್ ಚುಚ್ಚಿದರೂ ಅದೇ ಆಯಿತು. ಚಳಿಯಲ್ಲಿಟ್ಟರೂ ಅದೇ, ಸುಸ್ತಾಗುವಂತೆ ಓಡಿಸಿದರೂ ಅದೇ. ಕಾರಣ ಬೇರೆ ಬೇರೆ, ಮೈ ಕೊಡುವ ಉತ್ತರ ಒಂದೇ. 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರದಂತೆ ಇದನ್ನು ಬರೆದರು. ಇದನ್ನೇ ಆಮೇಲೆ ಸ್ಟ್ರೆಸ್ ಅಂತ ಕರೆದರು.

ಥೈಮಸ್ ಕುಗ್ಗಿತು ಅಂದೆನಲ್ಲ, ನಿಮ್ಮ ಹಸುವಿಗೆ ಸಂಬಂಧ ಇರುವುದು ಅಲ್ಲಿ. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಬಲಿಯುವ ಜಾಗ ಅದು. ಸ್ಟ್ರೆಸ್ ಆದಾಗ ಅಡ್ರಿನಲ್ ಗ್ರಂಥಿ ಸುರಿಸುವ ಕಾರ್ಟಿಸಾಲ್ ಹಾರ್ಮೋನ್ ದಿನಗಟ್ಟಲೆ ಏರಿಯೇ ಇದ್ದರೆ ಆ ಕಾವಲು ಸಡಿಲವಾಗುತ್ತದೆ. ಥೈಲೇರಿಯಾ ನೇರವಾಗಿ ಬಿಳಿ ರಕ್ತಕಣಗಳ ಒಳಗೇ ಹೊಕ್ಕು ಬೆಳೆಯುವ ಜೀವಿ. ಹಾಗಾಗಿ ಮೇಲಿನಪೇಟೆ ಸರ್ ಹೇಳಿದ್ದು ಅರ್ಧ ಸರಿ. ಉಣುಗು ಇಲ್ಲದೆ ಈ ಕಾಯಿಲೆ ಇಲ್ಲ. ಆದರೆ ಮೈಯಲ್ಲಿ ಅಡಗಿ ಕೂತ ಥೈಲೇರಿಯಾ ಕರು ಹಾಕಿದಾಗ, ಸಾಗಾಟದಲ್ಲಿ, ಸೆಕೆಯಲ್ಲಿ ಮತ್ತೆ ತಲೆ ಎತ್ತುವುದನ್ನು ವೈದ್ಯರು ನೋಡುತ್ತಲೇ ಇದ್ದಾರೆ. ಗಂಟಲು ಊದಿ ಉಸಿರು ಕಟ್ಟುವ ಗಳಲೆ ರೋಗವೂ ಹಾಗೆಯೇ. ಆ ಬ್ಯಾಕ್ಟೀರಿಯಾ ಕೆಲವು ದನಗಳ ಗಂಟಲಲ್ಲಿ ಸುಮ್ಮನೆ ಇರುತ್ತದೆ. ಮಳೆ, ದಣಿವು, ಮೇವಿನ ಕೊರತೆ ಸೇರಿದಾಗ ಏಳುತ್ತದೆ.

ಇನ್ನು ಅಳೆಯುವುದು. ರಕ್ತ ತೆಗೆದು ಕಾರ್ಟಿಸಾಲ್ ನೋಡಬಹುದು. ಕಷ್ಟ ಏನೆಂದರೆ, ಹಗ್ಗ ಹಾಕಿ ಸೂಜಿ ತಂದರೆ ಮೂರು ನಾಲ್ಕು ನಿಮಿಷದಲ್ಲೇ ಕಾರ್ಟಿಸಾಲ್ ಏರಲು ಶುರುವಾಗುತ್ತದೆ. ಆಗ ನಾವು ಅಳೆಯುವುದು ನಮ್ಮ ಸೂಜಿಯ ಭಯವನ್ನೇ! ಅದಕ್ಕೆ ಈಗ ಸಗಣಿಯಲ್ಲಿ ನೋಡುತ್ತಾರೆ. ಪ್ರಾಣಿಯನ್ನು ಮುಟ್ಟುವುದೇ ಬೇಡ. ಹಸುವಿನ ಸಗಣಿಯಲ್ಲಿ ಸಿಗುವುದು ಸುಮಾರು ಹತ್ತು ಹನ್ನೆರಡು ಗಂಟೆ ಹಿಂದಿನ ಕಥೆ. ಕೂದಲಿನಲ್ಲಾದರೆ ತಿಂಗಳುಗಳ ಕಥೆ. ಸಗಣಿ ಬಿಸಿ ಇರುವಾಗಲೇ ತೆಗೆದು ಐಸ್‌ನಲ್ಲಿ ಇಡಬೇಕು. ಬಿಟ್ಟರೆ ಬ್ಯಾಕ್ಟೀರಿಯಾ ಹಾರ್ಮೋನನ್ನು ಒಡೆದುಹಾಕುತ್ತದೆ. ನಮ್ಮ ಮಳೆಯಲ್ಲಂತೂ ಕೊಳಗದಲ್ಲಿ ಹಿಡಿಯುವ ಹಾಗೆ ಕಾದು ನಿಲ್ಲಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೆ, ಬಂಡೀಪುರದ ಕಾಡಾನೆಗಳ ಲದ್ದಿಯನ್ನು ಹೀಗೆ ಪರೀಕ್ಷಿಸಿದ್ದಾರೆ. ಬೇಸಿಗೆಯಲ್ಲಿ ಮೇವಿಲ್ಲದೆ ಬೆನ್ನೆಲುಬು ಕಾಣುವಷ್ಟು ಸೊರಗಿದ ಆನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನ್ ಜಾಸ್ತಿ ಇತ್ತು. ಒಂದು ಎಚ್ಚರಿಕೆ. ಕಾರ್ಟಿಸಾಲ್ ಏರಿದ್ದೆಲ್ಲ ಸಂಕಟ ಅಲ್ಲ. ಆಟದಲ್ಲಿ, ಬೆದೆಯಲ್ಲಿ, ಓಟದಲ್ಲಿ ಕೂಡ ಏರುತ್ತದೆ. ಅಂಕಿ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. ಪ್ರಾಣಿಯನ್ನೂ ನೋಡಬೇಕು.

ಗಾಜನೂರು ಹಿನ್ನೀರು
ಪ್ರಾಣಿಯನ್ನೂ ನೋಡಬೇಕು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆ ಸಕ್ರೆಬೈಲು ಆನೆ ಬಿಡಾರದಿಂದ ದೂರ ಇಲ್ಲ. ಬೆಳಗ್ಗೆ ಆನೆಗಳನ್ನು ಹಿನ್ನೀರಿಗೆ ಇಳಿಸಿ ಉಜ್ಜುವುದನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಒಮ್ಮೆ ಕಾವಾಡಿಯೊಬ್ಬರು ಒಂದು ಆನೆಯ ಕಡೆ ತೋರಿಸಿ, "ಇವತ್ತು ಇದರ ಹತ್ತಿರ ಹೋಗಬೇಡಿ" ಅಂದರು. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅವರು ಹೇಳಿದರು, ಕಿವಿ ನೋಡಿ. ಬೇರೆ ಆನೆಗಳ ಕಿವಿ ನಿಧಾನಕ್ಕೆ ಬೀಸುತ್ತಿತ್ತು. ಇದರದ್ದು ನಿಂತಿತ್ತು. ಸೊಂಡಿಲ ತುದಿಯನ್ನು ಬಾಯಲ್ಲಿ ಇಟ್ಟುಕೊಂಡಿತ್ತು, ಮಗು ಹೆಬ್ಬೆರಳು ಚೀಪುವ ಹಾಗೆ. ಹಿಂದಿನ ದಿನ ಲಾರಿ ಹತ್ತಿಸಿ ಎಲ್ಲಿಗೋ ಕರೆದುಕೊಂಡು ಹೋಗಿ ಬಂದಿದ್ದರಂತೆ.

ಆ ಕಾವಾಡಿಗೆ ಕಾರ್ಟಿಸಾಲ್ ಅನ್ನುವ ಪದ ಗೊತ್ತಿರಲಿಕ್ಕಿಲ್ಲ. ಆದರೆ ಆನೆಯ ಸಂಕಟ ಗೊತ್ತಿತ್ತು. ಇಂಥವರ ಮಾತನ್ನು ಸಂಶೋಧಕರು ಬರೆದಿಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ಹೊಸನಗರ ಕೊಟ್ಟಿಗೆ
ಎಲ್ಲರಿಗೂ ಧನ್ಯವಾದ. ಇವತ್ತು ಜ್ವರ 103. ನೀರು ಕುಡಿದಿದೆ. ಮೇಡಂ, ಲ್ಯಾಬ್ ಇಲ್ಲದೆ ನಾನು ಮನೆಯಲ್ಲಿ ಏನು ನೋಡಬಹುದು?

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ
ಒಂದು ನೋಟ್‌ಬುಕ್ ಇಡಿ ಸರ್. ಬೆಳಗ್ಗೆ ಸಂಜೆ ಜ್ವರ ಬರೆಯಿರಿ. ಹಸುವಿಗೆ 101.5 ಹತ್ತಿರ ಇದ್ದರೆ ಮಾಮೂಲಿ. ಪಕ್ಕೆ ನೋಡಿ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ನೆರಳಲ್ಲಿ ಸುಮ್ಮನೆ ನಿಂತಾಗಲೂ 60 ದಾಟಿದರೆ ಏನೋ ತೊಂದರೆ ಇದೆ. ಎಷ್ಟು ಹೊತ್ತು ಮಲಗುತ್ತದೆ ನೋಡಿ. ನೆಮ್ಮದಿಯ ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆ ಮೆಲುಕಿನ ಮೇಲೆ. ಗಂಟಲಿನಿಂದ ಒಂದು ಉಂಡೆ ಮೇಲೆ ಬರುವುದು ಕಾಣುತ್ತದಲ್ಲ, ಅಲ್ಲಿಂದ ಅದನ್ನು ನುಂಗುವ ತನಕ ಎಷ್ಟು ಸಲ ಅಗಿಯುತ್ತದೆ ಎಣಿಸಿ. ಚೆನ್ನಾಗಿರುವ ಹಸು ಒಂದು ಉಂಡೆಗೆ 50ರ ಆಸುಪಾಸು ಅಗಿಯುತ್ತದೆ. ನೋವು, ಭಯ, ಜ್ವರ ಇದ್ದರೆ ಮೆಲುಕು ಮೊದಲು ನಿಲ್ಲುತ್ತದೆ.

ಇನ್ನೊಂದು ಮುಖ್ಯ. ಈ ಕಾಯಿಲೆ ತರುವ ಹಯಲೊಮ್ಮ ಉಣುಗು ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ಮೈಮೇಲಿನ ಉಣುಗಿಗೆ ಔಷಧಿ ಹಾಕಿ ಗೋಡೆ ಬಿಟ್ಟರೆ ಪ್ರಯೋಜನ ಇಲ್ಲ. ಬಿರುಕು ಮುಚ್ಚಿಸಿ, ಸುಣ್ಣ ಹೊಡೆಸಿ. ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಇದೆ, ನಿಮ್ಮ ವೈದ್ಯರನ್ನು ಕೇಳಿ.

ಆಶಾ ಅಕ್ಕ, ಸಾಗರ ತಾಲ್ಲೂಕು
ಉಣುಗಿನ ಮಾತು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ನಾನು ಆಶಾ ಕಾರ್ಯಕರ್ತೆ. ದನದ ಕಾಯಿಲೆ ನನಗೆ ಗೊತ್ತಿಲ್ಲ. ಜನರ ಜ್ವರ ಗೊತ್ತು.

ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಲ್ಲಿ ಓದುತ್ತಾನೆ. ಜನವರಿಯಲ್ಲಿ ರಜಕ್ಕೆ ಬಂದು ವಾಪಸ್ ಹೋದ ಮೂರನೇ ದಿನ ಚಳಿಜ್ವರ, ಕಣ್ಣು ಕೆಂಪು, ಸೊಂಟ, ಮೀನಖಂಡ ಹಿಡಿದು ಹಿಂಡಿದ ಹಾಗೆ ನೋವು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆ ಮಾಡಿದರು, ಇಲ್ಲ ಅಂತ ಬಂತು. ಟೈಫಾಯಿಡ್ ಇಲ್ಲ. ವೈರಲ್ ಜ್ವರ ಅಂದು ಕಳಿಸಿದರು. ಪ್ಲೇಟ್‌ಲೆಟ್ ಇಳಿಯುತ್ತಾ ಹೋಯಿತು. ಅವನ ಅಮ್ಮ ನನಗೆ ಫೋನ್ ಮಾಡಿ ಅತ್ತರು. ನಾನು ಕೇಳಿದ್ದು ಒಂದೇ. "ರಜದಲ್ಲಿ ದರಗು ತರೋಕೆ ಕಾಡಿಗೆ ಹೋಗಿದ್ದನಾ?" ಹೋಗಿದ್ದ. ಕೊಟ್ಟಿಗೆಗೆ ಹಾಸಲು ಎರಡು ದಿನ ಒಣಗಿದ ಎಲೆ ಗುಡಿಸಿ ತಂದಿದ್ದ. ಆ ಮಾತನ್ನು ಅಲ್ಲಿನ ಡಾಕ್ಟರಿಗೆ ಹೇಳಿ ಅಂದೆ. ರಕ್ತ ಪರೀಕ್ಷೆಗೆ ಹೋಯಿತು. ಮಂಗನ ಕಾಯಿಲೆ, ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಹುಡುಗ ಉಳಿದ, ದೇವರ ದಯೆ.

ಅಲ್ಲಿನವರಿಗೆ ಅದು ಅಪರೂಪದ ಕಾಯಿಲೆ. ನಮಗೆ ಅದು ಪ್ರತಿ ಬೇಸಿಗೆಯ ಭಯ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಕಂಡದ್ದು. ಅದಕ್ಕೇ ಜಗತ್ತಿನ ಪುಸ್ತಕಗಳಲ್ಲಿ ಆ ಊರಿನ ಹೆಸರು. 2019ರ ಬೇಸಿಗೆಯಲ್ಲಿ ಅರಳಗೋಡಿನ ಕಡೆ ಎಷ್ಟು ಮನೆಗಳು ನೊಂದವು ಅನ್ನುವುದನ್ನು ನಮ್ಮ ತಾಲ್ಲೂಕಿನವರು ಯಾರೂ ಮರೆತಿಲ್ಲ. ಉಣುಗಿನ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಎಳ್ಳಿಗಿಂತ ಚಿಕ್ಕದು. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ. ಆಗ ತಲೆನೋವು, ಗಲಿಬಿಲಿ ಮಾತು. ಅದನ್ನು ಬೇರೆ ಜ್ವರ ಅಂದುಕೊಂಡು ಮನೆಯಲ್ಲೇ ಇರಬೇಡಿ.

ಮುಸಿಯ ಅಥವಾ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರುತ್ತವೆ. ನಮಗೆ ಅಥವಾ ಪಂಚಾಯ್ತಿಗೆ ಫೋನ್ ಮಾಡಿ. ಕಾಡಿಗೆ ಹೋಗುವ ಮುಂಚೆ, ಉಣುಗು ಹತ್ತದಿರಲಿ ಅಂತ ನಾವು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಎಣ್ಣೆ ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಇಡುತ್ತೀರಿ, ಅದೇ ನನಗೆ ಸಂಕಟ.

ಹಳೇ ಲಸಿಕೆ ಈಗ ಕೊಡುತ್ತಿಲ್ಲ. ಅದರ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಕೆಲಸ ನಡೆಯುತ್ತಿದೆ. ಅಲ್ಲಿಯ ತನಕ ಎಚ್ಚರಿಕೆ ಒಂದೇ.

ಘಟ್ಟದ ಮೇಲಿನ ವೈದ್ಯ
ಆಶಾ ಅಕ್ಕ ಕೇಳಿದ ಒಂದು ಪ್ರಶ್ನೆ ಹತ್ತು ಪರೀಕ್ಷೆಗಿಂತ ಹೆಚ್ಚು ಕೆಲಸ ಮಾಡಿದೆ. ನಾನು ಇಪ್ಪತ್ತು ವರ್ಷದಿಂದ ಮಲೆನಾಡಲ್ಲಿ ಜ್ವರ ನೋಡುತ್ತಿದ್ದೇನೆ. ಅವರಷ್ಟು ಬೇಗ ನನಗೂ ಹೊಳೆಯದ ದಿನಗಳಿವೆ. ಒಮ್ಮೆ ಅಡಿಕೆ ತೋಟದ ಕೆಲಸದವರೊಬ್ಬರು ಒಂಬತ್ತು ದಿನದ ಜ್ವರದಲ್ಲಿ ಬಂದರು. ನಾನು ಎಲ್ಲ ಪರೀಕ್ಷೆ ಬರೆದೆ. ನರ್ಸ್ ಅವರ ಅಂಗಿ ಬದಲಿಸುವಾಗ ಕಂಕುಳಲ್ಲಿ ಕಪ್ಪು ಹೆಕ್ಕಳೆ ನೋಡಿದರು. ಬೀಡಿಯಿಂದ ಸುಟ್ಟ ಹಾಗೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಅದಕ್ಕೇ ಅವರಿಗೆ ಗೊತ್ತೇ ಇರಲಿಲ್ಲ. ಅದು ಸ್ಕ್ರಬ್ ಟೈಫಸ್. ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿ ಬರುವುದು. ಡಾಕ್ಸಿಸೈಕ್ಲಿನ್ ಕೊಟ್ಟ ಎರಡು ದಿನದಲ್ಲಿ ಜ್ವರ ಬಿಟ್ಟಿತು. ಅವತ್ತಿನಿಂದ ಕಾರಣ ತಿಳಿಯದ ಜ್ವರ ಬಂದರೆ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಸೊಂಟದ ದಾರದ ಕೆಳಗೆ ನೋಡದೆ ಬಿಡುವುದಿಲ್ಲ.

ನೆಟ್ಟಿ ಸಮಯದಲ್ಲಿ ಗದ್ದೆಗೆ ಇಳಿದವರಿಗೆ ಜ್ವರ, ಮೀನಖಂಡ ಮುಟ್ಟಿಸಿಕೊಳ್ಳಲಾಗದ ನೋವು, ಕಣ್ಣು ಕೆಂಪು ಅಥವಾ ಹಳದಿ, ಮೂತ್ರ ಕಡಿಮೆ. ಇದು ಇಲಿ ಜ್ವರ ಇರಬಹುದು. ಇದಕ್ಕೂ ಔಷಧಿ ಇದೆ. ತಡವಾದರೆ ಮೂತ್ರಪಿಂಡಕ್ಕೆ ಕುತ್ತು. ಮಂಗನ ಕಾಯಿಲೆಗೆ ಮಾತ್ರ ನೇರ ಔಷಧಿ ಇಲ್ಲ. ನೀರು, ಡ್ರಿಪ್, ರಕ್ತಸ್ರಾವದ ಮೇಲೆ ಕಣ್ಣು. ಸಾವಿನ ಪ್ರಮಾಣ ನೂರಕ್ಕೆ 3ರಿಂದ 5. ಬೇಗ ಬಂದರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಮೈಕೈ ನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೇನ್, ಆಸ್ಪಿರಿನ್ ತರಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಸಾಕು.

ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಕಾಡಿಗೆ ಹೋಗಿದ್ದೆ, ಗದ್ದೆಗೆ ಇಳಿದಿದ್ದೆ, ಮಂಗ ಸತ್ತಿತ್ತು, ಹೊಸ ದನ ತಂದೆವು, ಇಂಥ ದಿನ ಜ್ವರ ಶುರುವಾಯಿತು. ಇದರಲ್ಲಿ ಯಾವುದೂ ಸಣ್ಣ ವಿಷಯ ಅಲ್ಲ.

ಸಾಗರದ ಮೇಷ್ಟ್ರು
ಸಾಗರದ ಪಕ್ಕದ ಹಂದಿಗೋಡಿನ ಬಗ್ಗೆ ಹೇಳದೆ ಈ ಮಾತು ಪೂರ್ತಿ ಆಗಲ್ಲ. 1974–75ರ ಹೊತ್ತಿಗೆ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಕೀಲು ಸವೆದು ನಡೆಯಲಾಗದ ಸ್ಥಿತಿ ಇರುವುದು ಹೊರಗಿನವರಿಗೆ ಗೊತ್ತಾಯಿತು. ಕೆಲವರ ಎತ್ತರವೇ ತುಂಬಾ ಕುಳ್ಳು. ಗದ್ದೆಯ ಏಡಿ ತಿಂದದ್ದಕ್ಕೆ, ಅದರಲ್ಲಿ ಕೀಟನಾಶಕ ಇದ್ದದ್ದಕ್ಕೆ ಹೀಗಾಗಿದೆ ಅಂತ ಮೊದಲು ಅನುಮಾನ ಪಟ್ಟರು. ಆಮೇಲೆ ಅದು ವಂಶದಲ್ಲಿ ಇಳಿದು ಬರುವ ಕಾಯಿಲೆ ಅಂತ ತಿಳಿಯಿತು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ನೋವು ಕಡಿಮೆ ಮಾಡುವುದು, ವ್ಯಾಯಾಮ, ಕೆಲವರಿಗೆ ಸೊಂಟದ ಕೀಲು ಬದಲಿಸುವುದು, ಇಷ್ಟೇ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಕೋಲು ಹಿಡಿದು ಬರುತ್ತಿದ್ದ. ಗುಡ್ಡ ಹತ್ತಿ ಶಾಲೆಗೆ ಬಂದವನು ಹತ್ತು ನಿಮಿಷ ಬೆಂಚಿನ ಮೇಲೆ ಮಾತಾಡದೆ ಕೂತಿರುತ್ತಿದ್ದ. ಸೋಮಾರಿ ಅಂತ ಒಂದು ದಿನ ಬೈದೆ. ಅವನ ತಂದೆಯನ್ನು ನೋಡಿದ ಮೇಲೆ ಅರ್ಥ ಆಯಿತು. ಕಾಯಿಲೆಗೆ ಹೆಸರು ಸಿಕ್ಕಿದರೆ ಗುಣ ಆಗದಿದ್ದರೂ ಬೈಗುಳ ನಿಲ್ಲುತ್ತದೆ. ಪಿಂಚಣಿಗೆ ಅರ್ಜಿ ಹಾಕಲು ದಾರಿ ಆಗುತ್ತದೆ. ಅದಕ್ಕೇ ಹೆಸರು ಬೇಕು.

ಮೇಲಿನಪೇಟೆ
ಮೇಷ್ಟ್ರೇ, ಓದಿ ಮನಸ್ಸು ಭಾರ ಆಯ್ತು. ಆಶಾ ಅಕ್ಕ, ನಮ್ಮ ಮನೆಯ ಎಣ್ಣೆ ಬಾಟಲಿಯೂ ಅಟ್ಟದ ಮೇಲೇ ಇತ್ತು. ಇವತ್ತು ಇಳಿಸಿ ಕೆಲಸದವರ ಕೈಗೆ ಕೊಟ್ಟೆ. ಮುಂದಿನ ತಿಂಗಳು ನಾನೂ ಒಂದು ಹಸು ತರುವವನಿದ್ದೇನೆ. ಸ್ಟ್ರೆಸ್ ಬಗ್ಗೆ ನಾನು ಕೇಳಿದ ಪ್ರಶ್ನೆ ವಾಪಸ್. ಗಾಡಿಯಲ್ಲಿ ತರುವಾಗ ಏನು ಮಾಡಬೇಕು, ಹೇಳಿ ಮೇಡಂ.

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ
ವಾಪಸ್ ಬೇಡ ಸರ್, ನೀವು ಕೇಳಿದ್ದಕ್ಕೇ ಇಷ್ಟು ಮಾತು ಬಂತು. ಗಾಡಿಗೆ ಹುಲ್ಲು ಅಥವಾ ಮಣ್ಣು ದಪ್ಪ ಹಾಸಿ, ಕಾಲು ಜಾರಬಾರದು. ತಂಪು ಹೊತ್ತಿನಲ್ಲಿ ಹೊರಡಿ. ಘಟ್ಟದ ತಿರುವಿನಲ್ಲಿ ನಿಧಾನ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ಹಳೇ ಮನೆಯ ಹುಲ್ಲು, ಹಿಂಡಿ ಒಂದು ವಾರದ ಮಟ್ಟಿಗೆ ಜೊತೆಗೇ ತನ್ನಿ. ಹತ್ತಿಸುವಾಗ ಹೊಡೆಯಬೇಡಿ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ವಿಜ್ಞಾನಿ ದನ ಹೋಗುವ ಓಣಿಯಲ್ಲಿ ತಾವೇ ಬಗ್ಗಿ ನಡೆದು ನೋಡಿದರು. ನೇತಾಡುವ ಸರಪಳಿ, ನೆಲದ ಮೇಲಿನ ನೆರಳು, ಹೊಳೆಯುವ ನೀರು, ಇಂಥವಕ್ಕೇ ದನ ಹೆದರಿ ನಿಲ್ಲುತ್ತವೆ ಅಂತ ತೋರಿಸಿದರು. ನಿಮ್ಮ ಹಸು ಹತ್ತದೆ ನಿಂತರೆ ಅದರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ಏನೋ ಕಾಣುತ್ತದೆ. ತಂದ ಮೇಲೆ ಮೂರು ವಾರ ಬೇರೆ ಕಟ್ಟಿ, ದಿನಾ ಜ್ವರ ನೋಡಿ.

ಹೊಸನಗರ ಕೊಟ್ಟಿಗೆ
ಹನ್ನೊಂದನೇ ದಿನದ ಸುದ್ದಿ. ಎರಡನೇ ಇಂಜೆಕ್ಷನ್ ಬೇಕಾಯಿತು. ಕಬ್ಬಿಣದ ಅಂಶದ್ದೂ ಕೊಟ್ಟರು. ಹೆಗಲ ಗಂಟು ಈಗ ಅಡಿಕೆಯಷ್ಟು. ಕಣ್ಣಿನ ಒಳಗೆ ತಿಳಿ ಗುಲಾಬಿ ಬಣ್ಣ ಬಂದಿದೆ. ಹಾಲು ಮೂರೂವರೆ ಲೀಟರ್. ಇನ್ನೂ ಏರಬೇಕು.

ಮೇಡಂ ಹೇಳಿದ ಹಾಗೆ ನೋಟ್‌ಬುಕ್ ಇಟ್ಟಿದ್ದೇವೆ. ಅಪ್ಪಯ್ಯನವರದ್ದೇ ಅಕ್ಷರ. ಮೊದಲ ಮೂರು ದಿನ ಮೆಲುಕಿನ ಜಾಗದಲ್ಲಿ "ಇಲ್ಲ" ಅಂತ ಬರೆದಿದೆ. ಐದನೇ ದಿನ 28. ಏಳನೇ ದಿನ 37. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ನಾನು ಮಲಗಲು ಹೋಗುವಾಗ ಕೊಟ್ಟಿಗೆಯಲ್ಲಿ ಟಾರ್ಚ್ ಬೆಳಕು ಇತ್ತು. ಅಪ್ಪಯ್ಯ ಹುಲ್ಲಿನ ಕಟ್ಟಿನ ಮೇಲೆ ಕೂತಿದ್ದರು. ಬೆಳಕು ಹಸುವಿನ ಕಣ್ಣಿಗೆ ಬೀಳದಂತೆ ಟಾರ್ಚನ್ನು ಪಂಚೆಯೊಳಗೆ ಮುಚ್ಚಿ ಹಿಡಿದಿದ್ದರು. ಹಸು ಮಲಗಿತ್ತು. ಮಾತಾಡಬೇಡ ಅಂತ ನನಗೆ ಕೈ ತೋರಿಸಿದರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. 51.

ಗೋಡೆಯ ಬಿರುಕಿಗೆ ನಾಳೆ ಗಾರೆಯವರು ಬರುತ್ತಾರೆ.